ಅದಲು ಬದಲು ಪತ್ರ ಮಾಡಿಸಿದ ಅನುಭವ: ತಾಲ್ಲೂಕು ಕಚೇರಿ ರಸ್ತೆಯ ಪತ್ರ ಬರಹಗಾರರು

ಐದಕ್ಕೆ ನಾಲ್ಕೂವರೆ ಅಂಕ. ಆ ಅರ್ಧ ಯಾಕೆ ಹಿಡಿದೆ ಅಂತ ಆಮೇಲೆ ಹೇಳುತ್ತೇನೆ.

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕಚೇರಿ ರಸ್ತೆಯಲ್ಲಿರುವ ಪತ್ರ ಬರಹಗಾರರ ಅಂಗಡಿ ಇದು. ಪಕ್ಕದ ಗದ್ದೆಯವರ ಜೊತೆ ಜಮೀನಿಗೆ ಜಮೀನು ಬದಲಾಯಿಸಿಕೊಂಡ ಪತ್ರವನ್ನು ಇಲ್ಲೇ ಮಾಡಿಸಿದೆವು. ಹೆಸರು, ಫೋನ್ ನಂಬರ್ ಹಾಕಲೇ ಅಂತ ಕೇಳಿದೆ. "ಬ್ಯಾಡ ಕಣಮ್ಮ, ಇರೋ ಕೆಲ್ಸನೇ ಮುಗೀತಿಲ್ಲ" ಅಂದರು. ಹಾಗಾಗಿ ಹಾಕಿಲ್ಲ. ಆದರೆ ಅವರು ಕೆಲಸ ಮಾಡಿದ ರೀತಿಯನ್ನು ಬರೆಯಲೇಬೇಕು ಅನ್ನಿಸಿತು. ನಮ್ಮ ಮನೆಯ ಕಥೆ ನಮ್ಮ ಕಡೆ ಮನೆಮನೆಯಲ್ಲೂ ಇದೆ.

ನಾನು ಮೈಸೂರಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಅಪ್ಪ ಊರಲ್ಲೇ ಇದ್ದಾರೆ, ಈಗ 79 ವರ್ಷ. ಊರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಅಚ್ಚುಕಟ್ಟಿನಲ್ಲಿದೆ. ಭತ್ತ, ಕಬ್ಬು ಬೆಳೆಯುತ್ತೇವೆ. ನಮ್ಮ ಗದ್ದೆಗೆ ಅಂಟಿಕೊಂಡೇ ಮಾವನ ಗದ್ದೆ. ಮಾವ ಅಂದರೆ ನೆಂಟರಲ್ಲ, ಊರಿನ ವರಸೆಯಲ್ಲಿ ಮಾವ. ನಮ್ಮ ಗದ್ದೆಯ ಒಂದು ಮೂಲೆ ಅವರ ಗದ್ದೆಯೊಳಕ್ಕೆ ಚಾಚಿಕೊಂಡಿತ್ತು. ಅಲ್ಲಿಗೆ ನೀರು ಹಾಯಿಸಬೇಕಾದರೆ ಅವರ ಗದ್ದೆ ದಾಟಿಯೇ ಹೋಗಬೇಕು. ಅವರದೂ ಒಂದು ಉದ್ದನೆ ಪಟ್ಟಿ ನಮ್ಮ ಎರಡು ತಾಕುಗಳ ನಡುವೆ ಸಿಕ್ಕಿಕೊಂಡಿತ್ತು. ಐವತ್ತು ವರ್ಷದ ಹಿಂದೆ ನಮ್ಮ ತಾತ, ಅವರ ತಾತ ಬದುವಿನ ಮೇಲೆ ಕೂತು ಮಾತಾಡಿಕೊಂಡರು. ಆ ಮೂಲೆ ನೀನು ಉಳು, ಈ ಪಟ್ಟಿ ನಾನು ಉಳುತ್ತೇನೆ ಅಂತ. ಕಾಗದ ಇಲ್ಲ, ಸಾಕ್ಷಿ ಇಲ್ಲ. ಅವತ್ತಿನಿಂದ ಇವತ್ತಿನವರೆಗೆ ಒಂದು ದಿನ ಜಗಳ ಆಗಿಲ್ಲ. ಆ ಪಟ್ಟಿಯಲ್ಲೇ ಅಪ್ಪ ಬೋರ್ ಕೊರೆಸಿದರು. ಬದುವಿನಲ್ಲಿ ಮೂರು ತೆಂಗಿನ ಮರ ಎದ್ದಿವೆ.

ಹೋದ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಮಾವನ ಮಗ ನಮ್ಮ ಪಂಪ್‌ಸೆಟ್ ಹತ್ತಿರ ನಿಂತು ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ತೆಗೆದ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ಆ್ಯಪ್ ಅದು. "ಅಕ್ಕ, ನಿಮ್ ಬೋರು ನಮ್ ನಂಬರ್‌ನಲ್ಲಿ ತೋರಿಸ್ತಾ ಐತೆ ನೋಡಿ" ಅಂದ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ಅಪ್ಪ ಆ ರಾತ್ರಿ ನಿದ್ದೆ ಮಾಡಲಿಲ್ಲ. "ನಾವಿಬ್ರೂ ಇರೋಗಂಟ ಸರಿ. ಆಮೇಲೆ?" ಅಂದರು. ಬೆಳಿಗ್ಗೆ ಎದ್ದು ಅವರೇ ಮಾವನ ಮನೆಗೆ ಹೋದರು. ಮಾವ ಒಂದೇ ಮಾತಿಗೆ ಒಪ್ಪಿದರು.

ಮನಸ್ಸುಗಳು ಒಪ್ಪಿದರೂ ದಾಖಲೆ ಮಾಡುವುದು ಸುಲಭ ಇಲ್ಲ. ಮೊದಲು ಮೈಸೂರಿನಲ್ಲಿ ಒಬ್ಬರ ಹತ್ತಿರ ಹೋದೆ. ಅವರು ಐದು ನಿಮಿಷದಲ್ಲಿ ದಾರಿ ಹೇಳಿದರು. "ರಿಲೀಸ್ ಡೀಡ್ ಮಾಡಿಬಿಡೋಣ, ಖರ್ಚು ಕಡಿಮೆ. ಅವರು ನಿಮಗೆ ಹಕ್ಕು ಬಿಟ್ಟಂಗೆ, ನೀವು ಅವರಿಗೆ ಹಕ್ಕು ಬಿಟ್ಟಂಗೆ." ಮುಂಗಡ 2,000 ರೂಪಾಯಿ ತೆಗೆದುಕೊಂಡರು. ಅದು ವಾಪಸ್ ಬರಲಿಲ್ಲ. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಆ ಸಲಹೆ ತಪ್ಪು ಅಂತ ಗೊತ್ತಾದಾಗ. ನಂಬಿ ಮಾಡಿಸಿಕೊಂಡಿದ್ದರೆ ನಮ್ಮ ಮಕ್ಕಳ ಕಾಲಕ್ಕೆ ಕೋರ್ಟ್ ಬಾಗಿಲು ತಟ್ಟಬೇಕಾಗುತ್ತಿತ್ತು.

ಆಮೇಲೆ ನಮ್ಮ ಚಿಕ್ಕಮ್ಮನ ಮಗ ಈ ಅಂಗಡಿ ತೋರಿಸಿದ. ಪುಟ್ಟ ಕೋಣೆ. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕಂಪ್ಯೂಟರ್, ಗೋಡೆ ತುಂಬಾ ಕಡತದ ಕಟ್ಟು. ಬರಹಗಾರರಿಗೆ ಅರವತ್ತು ದಾಟಿದೆ. ಪರವಾನಗಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದ್ದಾರೆ. ಅವರ ಮಗಳು ಟೈಪ್ ಮಾಡುತ್ತಾರೆ. ಮೊದಲ ದಿನ ಅವರು ಒಂದು ಅಕ್ಷರವನ್ನೂ ಬರೆಯಲಿಲ್ಲ. ಬರೀ ಪ್ರಶ್ನೆ ಕೇಳಿದರು. ಒಂದೂವರೆ ಗಂಟೆ.

ರಿಲೀಸ್ ಡೀಡ್ ಅಂದ ಕೂಡಲೇ ತಲೆ ಅಲ್ಲಾಡಿಸಿದರು. "ಹಕ್ಕು ಖುಲಾಸೆ ಅನ್ನೋದು ಒಂದೇ ಆಸ್ತೀಲಿ ಪಾಲು ಇರೋರ ಮಧ್ಯೆ ಕಣಮ್ಮ. ಅಣ್ಣ ತಮ್ಮ, ಅಕ್ಕ ತಂಗಿ. ನಿಮ್ ಜಮೀನಲ್ಲಿ ಅವರಿಗೆ ಪಾಲಿಲ್ಲ, ಅವರ ಜಮೀನಲ್ಲಿ ನಿಮಗಿಲ್ಲ. ಇಲ್ಲದ ಹಕ್ಕನ್ನ ಹೆಂಗೆ ಬಿಟ್ಟುಕೊಡ್ತೀರಿ?" ಎಷ್ಟು ಸರಳವಾದ ಮಾತು ಅಲ್ವಾ? ಮೈಸೂರಿನಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ನನ್ನ ತಮ್ಮನಿಗೆ ಇನ್ನೊಂದು ಯೋಚನೆ ಇತ್ತು. ಐವತ್ತು ವರ್ಷ ಉತ್ತಿದ್ದೇವೆ, 12 ವರ್ಷ ಸ್ವಾಧೀನ ಇದ್ದರೆ ಜಮೀನು ನಮ್ಮದೇ ಆಗುತ್ತದಲ್ಲ ಅಂತ. ಅದಕ್ಕೂ ಅವರು ನಿಧಾನವಾಗಿ ಉತ್ತರ ಕೊಟ್ಟರು. ಆ 12 ವರ್ಷದ ಲೆಕ್ಕ ಅಸಲು ಮಾಲೀಕನಿಗೆ ಎದುರಾಗಿ, ಇದು ನನ್ನದೇ ಅಂತ ನಿಂತವರಿಗೆ. ನೀವು ಅವರ ಒಪ್ಪಿಗೆಯಿಂದ ಉಳುತ್ತಿದ್ದೀರಿ. ಒಪ್ಪಿಗೆ ಇದ್ದ ಕಡೆ ಆ ವಾದ ನಿಲ್ಲುವುದಿಲ್ಲ. ಅದೂ ಅಲ್ಲದೆ ಅದನ್ನು ಸಾಧಿಸಲು ಕೋರ್ಟ್‌ಗೇ ಹೋಗಬೇಕು. "ಚೆನ್ನಾಗಿರೋ ಮಾವನ ಮೇಲೆ ಕೇಸ್ ಹಾಕ್ತೀಯೇನಪ್ಪ?" ಅಂತ ಕೇಳಿದರು. ತಮ್ಮ ಸುಮ್ಮನಾದ.

ಉಳಿದಿದ್ದು ಎರಡು ದಾರಿ. ಒಬ್ಬರಿಗೊಬ್ಬರು ಕ್ರಯಪತ್ರ ಮಾಡಿಕೊಳ್ಳುವುದು, ಇಲ್ಲಾ ಅದಲು ಬದಲು ಪತ್ರ. ಕ್ರಯಪತ್ರ ಅಂದರೆ ಎರಡು ಪತ್ರ, ಎರಡು ಸಲ ಮುದ್ರಾಂಕ ಶುಲ್ಕ. ಅದಲು ಬದಲಿಗೆ ಒಂದೇ ಪತ್ರ ಸಾಕು. ಎರಡರಲ್ಲಿ ಯಾವುದರ ಬೆಲೆ ಜಾಸ್ತಿಯೋ ಅದರ ಮೇಲೆ ಮಾತ್ರ ಶುಲ್ಕ. ಅಳತೆ ಎರಡೂ ಕಡೆ ಸಮ ಇರಬೇಕು ಅಂತಲೂ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಅದಲು ಬದಲಿಗೆ ಬೇರೆ ಅಧ್ಯಾಯ ಇದೆಯಂತೆ, ಪುಸ್ತಕ ತೆಗೆದು 118ನೇ ಸೆಕ್ಷನ್ ತೋರಿಸಿದರು. ಆ ಪುಸ್ತಕದ ರಟ್ಟು ಕಿತ್ತುಹೋಗಿತ್ತು. ಅಷ್ಟು ಸಲ ತೆಗೆದು ನೋಡಿದ್ದಾರೆ.

ನಮ್ಮ ಲೆಕ್ಕ ಹೀಗೆ ಬಂತು. ನಾವು ಕೊಡುವುದು 8 ಗುಂಟೆ, ಅವರು ಕೊಡುವುದು 7 ಗುಂಟೆ. ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ದರದಲ್ಲಿ 8 ಗುಂಟೆಗೆ 4 ಲಕ್ಷ ಆಯಿತು. ಮುದ್ರಾಂಕ ಶುಲ್ಕ ನೂರಕ್ಕೆ 5ರಂತೆ 20,000 ರೂಪಾಯಿ. ಆ ಶುಲ್ಕದ ಮೇಲೆ ನೂರಕ್ಕೆ 10ರಂತೆ ಸೆಸ್ 2,000, ಹಳ್ಳಿ ಜಮೀನಾದ್ದರಿಂದ ನೂರಕ್ಕೆ 3ರಂತೆ ಸರ್‌ಚಾರ್ಜ್ 600. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ, ಅದು 8,000. ಒಟ್ಟು 30,600. ಎರಡು ಕ್ರಯಪತ್ರ ಮಾಡಿಸಿದ್ದರೆ 57,375 ಆಗುತ್ತಿತ್ತು. ಒಂದು ಹಳೇ ಇನ್ವಿಟೇಷನ್ ಕಾರ್ಡಿನ ಹಿಂದೆ ಇಷ್ಟನ್ನೂ ಬರೆದು ಕೊಟ್ಟರು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಅವರ ಸ್ವಂತ ಫೀಸು 7,000. ಅದನ್ನೂ ಮೊದಲ ದಿನವೇ ಹೇಳಿದರು, ಕೊನೆಯವರೆಗೆ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ.

ಪಹಣಿ, ಅಂದರೆ ಜಮೀನು ಯಾರ ಹೆಸರಲ್ಲಿದೆ ಅಂತ ತೋರಿಸುವ ಕಂದಾಯ ದಾಖಲೆ, ನೋಡಿದ ಮೇಲೆ ತೊಡಕು ಶುರುವಾಯಿತು. ಮಾವನ ಕಡೆ ಪಹಣಿಯಲ್ಲಿ ಮಾಲೀಕರ ಹೆಸರಿನ 9ನೇ ಕಾಲಂನಲ್ಲಿ ಇನ್ನೂ ಮಾವನ ಅಪ್ಪನ ಹೆಸರೇ ಇತ್ತು. ಅವರು ತೀರಿಕೊಂಡು ಹದಿನೈದು ವರ್ಷ ಆಗಿದೆ. 11ನೇ ಕಾಲಂನಲ್ಲಿ ಸೊಸೈಟಿ ಸಾಲ ಕೂತಿತ್ತು. ಸಾಲ ಯಾವತ್ತೋ ತೀರಿಸಿದ್ದಾರೆ, ಪಹಣಿಯಿಂದ ತೆಗೆಸಿಲ್ಲ ಅಷ್ಟೇ. "ಮೊದಲು ಪೌತಿ ಖಾತೆ, ಆಮೇಲೆ ಸಾಲ ತೀರುವಳಿ, ಆಮೇಲೆ ನನ್ನ ಹತ್ರ ಬನ್ನಿ" ಅಂದರು. ಬೇರೆಯವರಾಗಿದ್ದರೆ ಅಲ್ಲೇ ಮುಂಗಡ ತೆಗೆದುಕೊಂಡು ಅಲೆಸುತ್ತಿದ್ದರು. ಇವರು ಏನೇನು ಕಾಗದ ಬೇಕು ಅಂತ ಚೀಟಿ ಬರೆದುಕೊಟ್ಟು ನಾಡಕಚೇರಿಗೆ ಕಳಿಸಿದರು.

ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವುದು, ಅದಕ್ಕೆ ವಂಶವೃಕ್ಷ ಬೇಕಲ್ಲ. ಮಾವನಿಗೆ ಇಬ್ಬರು ತಂಗಿಯರು. ಊರಿನಲ್ಲಿ ಯಾರೋ ಹೇಳಿದರಂತೆ, ಹೆಣ್ಣುಮಕ್ಕಳ ಹೆಸರು ಬಿಟ್ಟು ಮಾಡಿಸು, ಬೇಗ ಆಗುತ್ತದೆ ಅಂತ. ಬರಹಗಾರರು ಅದಕ್ಕೆ ಒಪ್ಪಲೇ ಇಲ್ಲ. 1994ರಲ್ಲಿ ನಮ್ಮ ರಾಜ್ಯದಲ್ಲಿ, 2005ರಲ್ಲಿ ಇಡೀ ದೇಶದಲ್ಲಿ ಕಾನೂನು ಬದಲಾಗಿ ಹೆಣ್ಣುಮಕ್ಕಳಿಗೂ ಪಾಲು ಬಂದಿದೆ, ಅವರನ್ನು ಬಿಟ್ಟು ಮಾಡಿದ ಪತ್ರಕ್ಕೆ ನಾನು ಕೈ ಹಾಕಲ್ಲ ಅಂದರು. ಬೇಕಾದರೆ ತಂಗಿಯರು ಅಣ್ಣನಿಗೆ ಹಕ್ಕು ಖುಲಾಸೆ ಮಾಡಿಕೊಡಬಹುದು, ರಿಲೀಸ್ ಡೀಡ್‌ಗೆ ಸರಿಯಾದ ಜಾಗ ಅದು ಅಂತಲೂ ಹೇಳಿದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬುಡಿ ಸ್ವಾಮಿ, ನನ್ ತಂಗಿಯರ ಹೆಸರೂ ಇರ್ಲಿ" ಅಂದರು. ನಾನೂ ಒಬ್ಬ ಮಗಳು. ನನ್ನ ಕಣ್ಣಲ್ಲಿ ನೀರು ಬಂತು. ಮೂವರ ಹೆಸರಿಗೂ ಜಂಟಿ ಖಾತೆ ಆಯಿತು.

ಇನ್ನೂ ಎರಡು ವಿಷಯ ಅವರಾಗಿಯೇ ಪರೀಕ್ಷೆ ಮಾಡಿದರು. ಎರಡೂ ಜಮೀನು ಸರ್ಕಾರದಿಂದ ಮಂಜೂರಾಗಿದ್ದಾ ಅಂತ ಹಳೇ ದಾಖಲೆ ತೆಗೆಸಿ ನೋಡಿದರು. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ನಮ್ಮದು ಹಾಗಿರಲಿಲ್ಲ. ಇನ್ನೊಂದು ಋಣಭಾರ ಪತ್ರ (ಇ.ಸಿ.), ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಅದು. ಕಂಪ್ಯೂಟರ್‌ನಲ್ಲಿ ಸಿಗುವ ಇ.ಸಿ.ಯಷ್ಟಕ್ಕೇ ಬಿಡಲಿಲ್ಲ, ಅದಕ್ಕಿಂತ ಹಿಂದಿನ ಕೈಬರಹದ್ದನ್ನೂ ತರಿಸಿದರು.

ಸರ್ವೆ ಭಾಗ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಅಲ್ಲೇ. ಒಂದು ಸರ್ವೆ ನಂಬರ್‌ನ ಪೂರ್ತಿ ಜಮೀನನ್ನು ಕೊಡದೆ ಅದರಲ್ಲಿ ತುಂಡು ಮಾತ್ರ ಕೊಡುವುದಾದರೆ 11ಇ ನಕ್ಷೆ, ಅಂದರೆ ಆ ತುಂಡನ್ನು ಅಳೆದು ತೋರಿಸುವ ಸರ್ವೆ ನಕ್ಷೆ, ಬೇಕೇ ಬೇಕು. ಅದಿಲ್ಲದೆ ನೋಂದಣಿ ಆಗುವುದಿಲ್ಲ. ನಮ್ಮದರಲ್ಲಿ ಎರಡೂ ಕಡೆ ತುಂಡು, ಹಾಗಾಗಿ ಎರಡು ನಕ್ಷೆ. ಬರಹಗಾರರೇ ಅರ್ಜಿ ತುಂಬಿಸಿಕೊಟ್ಟರು. "ಭತ್ತ ಕೊಯ್ದ ಮೇಲೆ ಅಳತೆ ಮಾಡಿಸಿ, ನಿಂತ ಪೈರಲ್ಲಿ ಬೇಡ" ಅಂದರು. ಸಂಕ್ರಾಂತಿ ಕಳೆದು ನಾಲ್ಕನೇ ದಿನ ಭೂಮಾಪಕರು ಬಂದರು. ಟಿಪ್ಪಣಿ ಅನ್ನುವ ಹಳೇ ಅಳತೆ ದಾಖಲೆ ನೋಡಿ, ಹಳೇ ಗಡಿ ಕಲ್ಲು ಹುಡುಕಿ ಅಳೆದರು. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 40 ಗುಂಟೆಗೆ ಒಂದು ಎಕರೆ. ಅಪ್ಪ ಇದನ್ನು ಬಾಯಲ್ಲೇ ಹೇಳಿ, ಅಳತೆಗೆ ಮುಂಚೆಯೇ "ನಮ್ ಮೂಲೆ ಎಂಟು, ಅವರ ಪಟ್ಟಿ ಏಳು" ಅಂದಿದ್ದರು. ಸರಿಯಾಗಿ ಅಷ್ಟೇ ಬಂತು. ಐವತ್ತು ವರ್ಷದಲ್ಲಿ ಯಾರೂ ಬದು ಒಂದು ಗೇಣು ಸರಿಸಿಲ್ಲ.

ಆ ಒಂದು ಗುಂಟೆ ಹೆಚ್ಚುಕಮ್ಮಿಗೆ ಮಾವ ದುಡ್ಡು ಕೊಡುತ್ತೇನೆ ಅಂದರು. ಅಪ್ಪ ಬೇಡ ಅಂದರು. ಬರಹಗಾರರು ಹೇಳಿದ್ದು, ಏನು ಮಾತಾಗಿದೆಯೋ ಹಾಗೇ ಬರೆಯೋಣ, ದುಡ್ಡು ಕೊಟ್ಟಿಲ್ಲ ಅಂದರೆ ಕೊಟ್ಟಿಲ್ಲ ಅಂತಲೇ ಇರಲಿ.

ಪತ್ರ ಬರೆಯುವ ದಿನ ಅವರು ಕೇಳಿದ ಪ್ರಶ್ನೆಗಳಿಗೇ ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ. ನೀರು ಯಾವ ತೂಬಿನಿಂದ ಬರುತ್ತದೆ? ಆ ಕಾಲುವೆ ಯಾರ ಬದುವಿನ ಪಕ್ಕ ಹಾಯುತ್ತದೆ? ನಾಳೆ ಮುಚ್ಚಿದರೆ? ಕಬ್ಬು ಕಡಿದಾಗ ಟ್ರ್ಯಾಕ್ಟರ್ ಯಾವ ದಾರಿಯಲ್ಲಿ ಬರುತ್ತದೆ, ಎಷ್ಟು ಅಡಿ? ಬೋರ್ ಯಾರದು, ಕರೆಂಟ್ ಕನೆಕ್ಷನ್ ಯಾರ ಹೆಸರಲ್ಲಿದೆ? ಆ ಮೂರು ತೆಂಗಿನ ಮರ? ಇದೆಲ್ಲ ನಮ್ಮ ತಲೆಗೆ ಬಂದಿರಲೇ ಇಲ್ಲ. ಜಮೀನು ಬದಲಾದರೆ ಸಾಕು ಅಂದುಕೊಂಡಿದ್ದೆವು. ಕಾಲುವೆ ಈಗ ಇರುವ ಜಾಗದಲ್ಲೇ ಎರಡು ಅಡಿ ಅಗಲ ಇರಬೇಕು, 10 ಅಡಿ ಗಾಡಿ ದಾರಿ ಇಬ್ಬರಿಗೂ ಸೇರಿದ್ದು, ಯಾರೂ ಅಡ್ಡ ಮಾಡುವಂತಿಲ್ಲ ಅಂತ ಪತ್ರದಲ್ಲೇ ಸೇರಿಸಿದರು. ಚೆಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿನ ಗಡಿಯನ್ನು, ಬರೀ ಹೆಸರಿನಿಂದ ಬರೆಯಲಿಲ್ಲ, ಸರ್ವೆ ನಂಬರ್ ಜೊತೆ ಬರೆದರು. ಹೆಸರು ಬದಲಾಗುತ್ತದೆ, ನಂಬರ್ ಹುಡುಕಿದರೆ ಸಿಗುತ್ತದೆ ಅಂತ ಕಾರಣ ಕೊಟ್ಟರು. ತೆಂಗಿನ ಮರದ ವಿಷಯಕ್ಕೆ ಮಾತ್ರ ಅರ್ಧ ಗಂಟೆ ಹಿಡಿಯಿತು. ಮರ ನೆಟ್ಟಿದ್ದು ಮಾವನ ಅವ್ವ. ಕೊನೆಗೆ ಎರಡು ನಮಗೆ, ಒಂದು ಅವರಿಗೆ.

ಅಸಲು ಯಾರ ಮನೆಯಲ್ಲಿ ಇರಬೇಕು ಅನ್ನೋದನ್ನೂ ಅವರೇ ಎತ್ತಿದರು. ಪತ್ರ ಒಂದೇ, ಮನೆ ಎರಡು. ಎರಡನೇ ಪ್ರತಿಯನ್ನೂ ಜೊತೆಯಲ್ಲೇ ನೋಂದಣಿ ಮಾಡಿಸಬಹುದು, ಅದಕ್ಕೆ ಅಸಲಿನಷ್ಟು ಶುಲ್ಕ ಬೀಳುವುದಿಲ್ಲ ಅಂತ ತಿಳಿಸಿದರು. ಹಾಗೇ ಮಾಡಿಸಿದೆವು. ಕರಡು ತಯಾರಾದ ಮೇಲೆ ಅಪ್ಪನನ್ನೂ ಮಾವನನ್ನೂ ಎದುರು ಕೂರಿಸಿಕೊಂಡು ಹದಿನಾಲ್ಕು ಪುಟ ಪೂರ್ತಿ ಗಟ್ಟಿಯಾಗಿ ಓದಿದರು. 'ಸದರಿ', 'ಮೇಲ್ಕಂಡ', 'ನಿರುಪಾಧಿಕ' ಅಂತ ಬಂದ ಕಡೆಯೆಲ್ಲ ನಿಲ್ಲಿಸಿ ಆಡುಮಾತಿನಲ್ಲಿ ಬಿಡಿಸಿ ಹೇಳಿದರು. ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಒಂದೊಂದು ಸಾಲು ಮೂರು ಸಲ ಹೇಳಿದ್ದೂ ಇದೆ. ಒಂದು ಸಲವೂ ದನಿಯಲ್ಲಿ ಬೇಸರ ಕಾಣಲಿಲ್ಲ.

ನೋಂದಣಿ ಈಗ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0ನಲ್ಲಿ ನಡೆಯುತ್ತದೆ. ವಿವರ ತುಂಬಿ ಕಳಿಸಿದರೆ ಕಚೇರಿಯವರು ನೋಡಿ ಒಪ್ಪುತ್ತಾರೆ, ಆಮೇಲೆ ದುಡ್ಡು ಕಟ್ಟಿ ಸಮಯ ಕಾಯ್ದಿರಿಸಬೇಕು. ಇದನ್ನೆಲ್ಲ ಮಗಳು ನೋಡಿಕೊಂಡರು. ಮೈಸೂರಿನಲ್ಲೇ ಮಾಡಿಸಬಹುದಾ ಅಂತ ಕೇಳಿದ್ದೆ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗೆ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಮಾಡಿಸಬಹುದು, ಆದರೆ ಜಮೀನು ಮಂಡ್ಯ ಜಿಲ್ಲೆಯದ್ದು, ಮೈಸೂರಿನಲ್ಲಿ ಆಗಲ್ಲ ಅಂದರು. ಪರವಾಗಿಲ್ಲ, ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ದುಡ್ಡಿಲ್ಲ. ಒಟ್ಟು ಒಂಬತ್ತು ಸಲ ಓಡಾಡಿದ್ದೇನೆ.

ಶಿವರಾತ್ರಿಗೆ ಮುಂಚೆ ನೋಂದಣಿ ಆಯಿತು. ಮಾವನ ದೊಡ್ಡ ತಂಗಿ ಚನ್ನರಾಯಪಟ್ಟಣದಿಂದ ಬೆಳಿಗ್ಗೆ ಆರಕ್ಕೇ ಹೊರಟು ಬಂದಿದ್ದರು. ನಾನು, ತಮ್ಮ ಒಪ್ಪಿಗೆ ಸಹಿ ಹಾಕಿದೆವು. ಅಪ್ಪನ ಹೆಬ್ಬೆರಳು ಯಂತ್ರದಲ್ಲಿ ಮೂಡಲಿಲ್ಲ. ಉತ್ತೂ ಉತ್ತೂ ಗೆರೆ ಸವೆದಿದೆ. ಬರಹಗಾರರು ಒದ್ದೆ ಬಟ್ಟೆ ತಂದು ತಾವೇ ಒರೆಸಿ, ನಿಧಾನವಾಗಿ ಒತ್ತಿಸಿದರು. ನಾಲ್ಕನೇ ಸಲಕ್ಕೆ ಮೂಡಿತು. ಅದು ಅವರ ಕೆಲಸ ಅಲ್ಲ. ಅವರ ಫೀಸಿನಲ್ಲಿ ಅದಿಲ್ಲ.

ನೋಂದಣಿ ಆದ ಮೇಲೆ ಮಾಹಿತಿ ತಾನಾಗಿ ಪಹಣಿಗಳಿರುವ 'ಭೂಮಿ' ತಂತ್ರಾಂಶಕ್ಕೆ ಹೋಗುತ್ತದೆ, ಮ್ಯುಟೇಷನ್ (ಖಾತೆ ಬದಲಾವಣೆ) ಶುರುವಾಗುತ್ತದೆ. ತಕರಾರು ಹೇಳುವವರಿಗೆ ನೋಟಿಸ್ ಅವಧಿ ಇರುತ್ತದೆ. ನಮಗೆ ಯಾರೂ ತಕರಾರು ಹೇಳಲಿಲ್ಲ. ಯುಗಾದಿಗೆ ಮುಂಚೆ ಹೊಸ ಹಿಸ್ಸಾ ನಂಬರ್ (ಸರ್ವೆ ನಂಬರ್ ಒಳಗಿನ ತುಂಡಿನ ನಂಬರ್) ಹಾಕಿದ ಪಹಣಿ ಕೈಗೆ ಬಂತು. 9ನೇ ಕಾಲಂನಲ್ಲಿ ಅಪ್ಪನ ಹೆಸರು, 7 ಗುಂಟೆ. ಅಪ್ಪ ಅದನ್ನು ತೆಗೆದುಕೊಂಡು ಮೊದಲು ಮಾವನ ಮನೆಗೆ ಹೋದರು, ನಮ್ಮ ಮನೆಗೆ ಆಮೇಲೆ ಬಂದರು.

ಈಗ ಆ ಅರ್ಧ ಅಂಕದ ವಿಷಯ. ಫೋನ್ ಎತ್ತುವುದೇ ಇಲ್ಲ. ಹತ್ತು ಸಲ ಮಾಡಿದರೆ ಒಂದು ಸಲ. ದೂರದಿಂದ ಬರುವವರಿಗೆ ಇದು ದೊಡ್ಡ ತೊಂದರೆ. ಎರಡು ಸಲ ನಾನು ರಜೆ ಹಾಕಿ ಹೋದಾಗ ಅಂಗಡಿ ಬಾಗಿಲು ಹಾಕಿತ್ತು. ಒಂದು ದಿನ ಅವರೂ ಮಗಳೂ ಮದುವೆಗೆ ಹೋಗಿದ್ದರು, ಒಂದು ಚೀಟಿನಾದರೂ ಅಂಟಿಸಬಹುದಿತ್ತು. ಮೊದಲ ಕರಡಿನಲ್ಲಿ ನಮ್ಮ ತಾತನ ಹೆಸರಿನ ಒಂದು ಅಕ್ಷರ ಅಪ್ಪನ ಆಧಾರ್‌ನಲ್ಲಿ ಇರುವುದಕ್ಕಿಂತ ಬೇರೆ ಬಿದ್ದಿತ್ತು. ನಾನೇ ನೋಡಿ ಹೇಳಿದೆ. ಅವರು ಕೂಡಲೇ ತಪ್ಪೊಪ್ಪಿಕೊಂಡು ತಿದ್ದಿದರು. ಆದರೂ ಯಾರ ಹತ್ತಿರ ಮಾಡಿಸಿದರೂ ಹೆಸರುಗಳನ್ನು ಒಂದೊಂದಾಗಿ ನೀವೇ ಓದಿ ನೋಡಿ. ನೋಂದಣಿ ಆದ ಮೇಲೆ ಸಿಕ್ಕಿದ್ದರೆ ತಿದ್ದುಪಡಿ ಪತ್ರ ಅಂತ ಮತ್ತೊಂದು ಮಾಡಿಸಬೇಕಾಗುತ್ತಿತ್ತು.

ಹೋಗುವವರಿಗೆ: ಬೆಳಿಗ್ಗೆ ಹತ್ತೂವರೆಗೆ ಬಾಗಿಲು ತೆಗೆಯುತ್ತಾರೆ. ಸೋಮವಾರ ಜನ ಜಾಸ್ತಿ, ಮಂಗಳವಾರ ಅಥವಾ ಬುಧವಾರ ಹೋಗಿ. ಜೆರಾಕ್ಸ್ ತೋರಿಸಿದರೆ ನೋಡುವುದಿಲ್ಲ, ಅಸಲೇ ಬೇಕು ಅನ್ನುತ್ತಾರೆ. ಟ್ರಂಕಿನ ತಳದಲ್ಲಿರುವ ಹಳೇ ಕಂದಾಯ ರಶೀದಿಗಳನ್ನೂ ತೆಗೆದುಕೊಂಡು ಹೋಗಿ. ನಮ್ಮದರಲ್ಲಿ ಜಮೀನಿನ ಹಳೇ ನಂಬರ್ ಪತ್ತೆಯಾಗಿದ್ದೇ ಅಂಥ ಒಂದು ರಶೀದಿಯಿಂದ. ಪಂಪ್‌ಸೆಟ್ ಕರೆಂಟ್ ಕನೆಕ್ಷನ್‌ನ ಆರ್.ಆರ್. ನಂಬರ್‌ನಲ್ಲಿ ಸರ್ವೆ ನಂಬರ್ ತಿದ್ದಿಸುವ ಅರ್ಜಿಯನ್ನೂ ಅವರೇ ಬರೆದುಕೊಟ್ಟಿದ್ದಾರೆ, ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಆ ಕೆಲಸ ಮುಗಿದ ಮೇಲೆ ಅಪ್ಪನನ್ನು ಕರೆದುಕೊಂಡು ಇನ್ನೊಂದು ಸಲ ಅಂಗಡಿಗೆ ಹೋಗಬೇಕು. ನಮ್ಮ ಪಾಲಿನ ಮರದ್ದು ಒಂದು ಗೊನೆ ಎಳನೀರು ಕೊಡಬೇಕು ಅಂತ ಅಪ್ಪ ಆಗಲೇ ಹೇಳಿಟ್ಟಿದ್ದಾರೆ.